ಡಿಶ್ ಹಿಡಿಯುವ ಸಂದಗ್
ಗುಡಾರ ಕಿತ್ತು ಹೊಸ ಹುಲ್ಲುಗಾವಲಿಗೆ ಹೋದಾಗಲೆಲ್ಲ ಮುದುಕ ಸಂದಗ್ ಒಲೆಗಿಂತ ಮೊದಲು ಡಿಶ್ ಹೂಡುತ್ತಾನೆ. ಗೋಬಿ ಮರುಭೂಮಿಯ ಗಾಳಿಗೆ ಅದು ಬೆರಳಷ್ಟು ಸರಿದರೂ ಟಿವಿಯೊಳಗಿನ ಮನುಷ್ಯರು ಚೌಕ ಚೌಕವಾಗಿ ಒಡೆದುಹೋಗುತ್ತಾರೆ. ಕಲ್ಲು ಹೇರಿ ಬಿಗಿದರೆ ಒಂಟೆ ಬಂದು ಮೈ ಉಜ್ಜುತ್ತದೆ. ಅದಕ್ಕೇ ನಾದಮ್ ಹಬ್ಬದ ಕುಸ್ತಿಯ ದಿನ ನೆರೆಯವರೆಲ್ಲ ಒಳಗೆ ಕೂತು ಉಪ್ಪುಚಹಾ ಹೀರುವಾಗ, ಅವನು ಹೊರಗೆ ಡಿಶ್ ತಬ್ಬಿಕೊಂಡು ನಿಲ್ಲುತ್ತಾನೆ. "ಬಂತೇನೇ?" "ಬಂತು ರೀ, ಮೂಗು ಕೂಡ ಒರೆಸ್ಕೋಬೇಡಿ!" ಎಂದು ಹೆಂಡತಿ ದುಲ್ಮಾ ಕೂಗುತ್ತಾಳೆ. ಒಂದು ಕುಸ್ತಿಯನ್ನೂ ಕಣ್ಣಾರೆ ಕಾಣದೆ, ಒಳಗಿನ ಗದ್ದಲದಿಂದಲೇ ಯಾರು ಬಿದ್ದರೆಂದು ಹೇಳಬಲ್ಲ. ಈ ವರ್ಷ ಅಖಾಡದಲ್ಲಿ ಅವನ ಮಗನೇ ಇದ್ದ. ಒಮ್ಮೆಲೇ ಒಳಗೆ ಸದ್ದಡಗಿತು. "ಏನಾಯ್ತೇ?" "ಏನಿಲ್ಲ ರೀ, ಚಿತ್ರ ನಿಂತ್ಬಿಟ್ಟಿದೆ" ಎಂದಳು ದುಲ್ಮಾ. ಡಿಶ್ ಕೂದಲೆಳೆಯಷ್ಟೂ ಅಲ್ಲಾಡಿಲ್ಲವೆಂದು ಅವನ ಕೈಗಳಿಗೆ ಗೊತ್ತಿತ್ತು. "ನಂದೇ ತಪ್ಪು ಕಣೇ," ಎಂದ ಸಂದಗ್, "ಕೈ ಜಾರ್ತು."