ವೀಳ್ಯದೆಲೆ ಬೇಡವೆಂದ ವರ್ಷ

ಸಿಟ್ಟು ನನ್ನ ಹುಟ್ಟುಗುಣ. ಮಣ್ಣಗುಡ್ಡದ ನಮ್ಮ ಓಣಿಯಲ್ಲಿ ನನ್ನ ಬಾಯಿಗೆ ಹೆದರದವರಿರಲಿಲ್ಲ. ಅಂಥವಳ ಸಿಟ್ಟು ಒಂದು ವರ್ಷ ಹೇಳದೆ ಕೇಳದೆ ಮಾಯವಾಯಿತು. ಇಸವಿ ಅರುವತ್ತರ ಆಚೀಚೆ ಇರಬೇಕು.

ಆಗ ನಾನು ಕಾಫಿ ಬೀಜದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆ. ಹೆಂಗಸರು ನೆಲದ ಮೇಲೆ ಸಾಲಾಗಿ ಕುಳಿತು, ಗೆರಸೆಯಲ್ಲಿ ಸುರಿದ ಬೀಜದಿಂದ ಕಪ್ಪಾದದ್ದು, ಒಡೆದದ್ದನ್ನು ಆರಿಸಿ ತೆಗೆಯಬೇಕು. ಮನೆಯಲ್ಲಿ ಗಂಡ, ಮಕ್ಕಳು, ಊಟ, ಯಾವುದಕ್ಕೂ ಕೊರತೆಯಿರಲಿಲ್ಲ. ಆದರೂ ಬೆಳಿಗ್ಗೆ ಏಳುವುದೆಂದರೆ ಬಾವಿಯಿಂದ ತುಂಬಿದ ಕೊಡ ಎಳೆದ ಹಾಗೆ. ಗೆರಸೆಯ ಮುಂದೆ ಕೂತರೆ ಕೈ ಓಡುತ್ತಿರಲಿಲ್ಲ; ಒಳ್ಳೆಯ ಬೀಜವೂ ಕೆಟ್ಟದ್ದೂ ಒಂದೇ ಆಗಿ ಕಾಣುತ್ತಿತ್ತು.

ಪಕ್ಕದಲ್ಲಿ ಕೂರುತ್ತಿದ್ದವಳು ಕಡಲಿಗೆ ಹೋಗುವವರ ಮನೆಯ ಹೆಂಗಸು, ನನಗಿಂತ ಹಿರಿಯಳು, ಎಲ್ಲರಿಗೂ ಅಕ್ಕ. ಮಧ್ಯಾಹ್ನ ಊಟವಾದ ಮೇಲೆ ಇಡೀ ಸಾಲಿಗೆ ಅವಳ ಚೀಲದ್ದೇ ಎಲೆ ಅಡಿಕೆ. ನನಗೆ ಅದೂ ಬೇಡವಾಯಿತು. ಕೊಟ್ಟ ಎಲೆಗೆ ಕೈ ಒಡ್ಡುವುದೂ ದೊಡ್ಡ ಕೆಲಸವೆನಿಸಿ ತಲೆಯಾಡಿಸಿಬಿಟ್ಟೆ. ನಮ್ಮಲ್ಲಿ ಹಾಗೆ ಎಲೆ ಬೇಡವೆಂದರೆ ಜಗಳಕ್ಕೆ ನಿಂತಂತೆಯೇ. ಒಂದು ದಿನ ತಾಳಿದಳು, ಎರಡು ದಿನ ತಾಳಿದಳು; ಆಮೇಲೆ ಅಕ್ಕ ಮುಖ ತಿರುಗಿಸಿದಳು, ಸಾಲಿಗೆ ಸಾಲೇ ತಿರುಗಿಸಿತು. ಮೇಲ್ವಿಚಾರಣೆಗೆ ಒಬ್ಬ ಕ್ರೈಸ್ತ ಹಿರಿಯರಿದ್ದರು, ಅವರನ್ನು ನಾವು ಪೊರ್ಬುಗಳೆಂದು ಕರೆಯುತ್ತಿದ್ದೆವು. ಅವರು ನನ್ನ ಗೆರಸೆ ನೋಡಿ, "ಹೀಗಾದ್ರೆ ನಾಳೆಯಿಂದ ಬರುದು ಬೇಡ," ಎಂದರು. ನನಗೆ ಅಳುವೂ ಬರಲಿಲ್ಲ.

ಆ ಸಂಜೆ ಕಾರ್ಖಾನೆಯ ನೀರಿನ ನಳ್ಳಿಯ ಬಳಿ ಅಕ್ಕ ಸೆರಗು ಸಿಕ್ಕಿಸಿಕೊಂಡು ಎದುರು ನಿಂತಳು.

"ಎಂತ ಕೋಪ ನಿಂಗೆ ನನ್ಮೇಲೆ? ಬಾಯಿ ಬಿಟ್ಟು ಹೇಳು ಮಾರಾಯ್ತಿ!"

"ಕೋಪ ಬಂದಿದ್ರೆ ಒಳ್ಳೆದಿತ್ತಕ್ಕ," ಎಂದೆ. "ನಂಗೆ ಎಂತದೂ ಬರುದಿಲ್ಲ."

ಅಕ್ಕ ನನ್ನ ಮುಖವನ್ನೇ ನೋಡಿದಳು. ಮತ್ತೆ ಕೈ ಹಿಡಿದು ಎಳೆದುಕೊಂಡು ಹೋಗಿ ಪೊರ್ಬುಗಳ ಮುಂದೆ ನಿಲ್ಲಿಸಿದಳು.

"ಇವಳಿಗೆ ಸೌಖ್ಯ ಇಲ್ಲ. ಕಾಲು ಮುರಿದವಳಿಗೆ ಓಡು ಅಂತ ಹೇಳ್ತೀರಾ ನೀವು?"

ಪೊರ್ಬುಗಳು ನನ್ನತ್ತ ತಿರುಗಿದರು. "ಯಾವ ಹೊತ್ತಿಗೆ ಕಷ್ಟ ಹೆಚ್ಚು?" ಎಂದು ನನ್ನನ್ನೇ ಕೇಳಿದರು. ಅಲ್ಲಿಯವರೆಗೆ ಯಾರೂ ಹಾಗೆ ಕೇಳಿರಲಿಲ್ಲ. ಬೆಳಿಗ್ಗೆ ಎಂದೆ.

"ಹಾಗಾದ್ರೆ ತಡ ಮಾಡಿ ಬಾ. ಗೇಟಿನವನಿಗೆ ನಾನು ಹೇಳ್ತೇನೆ. ಆದ್ರೆ ಬಾ, ಮನೆಯಲ್ಲಿ ಕೂರಬೇಡ."

ಕೊಡಿಯಾಲ್‌ಬೈಲಿನ ಒಬ್ಬ ಡಾಕ್ಟರ ಹೆಸರನ್ನೂ ಹೇಳಿದರು. ಇದು ಮನಸ್ಸಿನ ಕಾಯಿಲೆಯೇ, ಮೈಗಳ್ಳತನವಲ್ಲ ಎಂದು ಆ ಡಾಕ್ಟರು ಹೇಳಿದಾಗ ನನಗಾದ ನೆಮ್ಮದಿ ಅಷ್ಟಿಷ್ಟಲ್ಲ.

ಕೆಲಸ ಉಳಿಯಿತು. ಸೈರನ್ ಆದ ಮೇಲೆ ಯಾರಿಗೂ ತೆರೆಯದ ಗೇಟು ನನಗೆ ತೆರೆಯಿತು. ಅಕ್ಕ ಸಾಲಿನವರಿಗೆ ಏನು ಹೇಳಿದಳೋ, ತಿರುಗಿದ ಮುಖಗಳು ಸರಿಯಾದವು. ಯಾರೂ "ಈಗ ಹೇಗುಂಟು?" ಎಂದು ಪೀಡಿಸಲಿಲ್ಲ. ಅಕ್ಕ ಮಾತ್ರ ದಿನವೂ ಎಲೆ ಮಡಚಿ ನನ್ನ ಗೆರಸೆಯ ಬದಿಗಿಟ್ಟು, ಸಂಜೆ ಬಾಡಿದ್ದನ್ನು ತಾನೇ ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

ಮಳೆ ಹಿಡಿಯುವ ಮೊದಲು, ಒಂದು ಮಧ್ಯಾಹ್ನ ನಾನೇ ಅದನ್ನು ಬಾಯಿಗೆ ಹಾಕಿಕೊಂಡೆ. ನಾಲಿಗೆ ಚುರ್ರೆಂದಿತು.

"ಎಂತ ಸುಣ್ಣ ಇದು! ನಾಲಿಗೆ ಸುಡ್ಲಿಕ್ಕೆ ಹಚ್ಚಿದ್ದಾ?" ಎಂದು ಕಿರುಚಿದೆ.

ಇಡೀ ಸಾಲಿನ ಕೈಗಳು ನಿಂತವು. ಅಕ್ಕನ ಕಣ್ಣಲ್ಲಿ ನೀರು.

"ಬೇಡದಿದ್ರೆ ಉಗಿ! ಇಷ್ಟು ದಿನ ಮುಟ್ಟದವಳಿಗೆ ಈಗ ಸುಣ್ಣ ಹೆಚ್ಚಾಯ್ತಂತೆ!" ಎಂದು ನನಗಿಂತ ಜೋರಾಗಿ ಬೈದಳು.

ನಾನು ಉಗಿಯಲಿಲ್ಲ. ಇನ್ನೊಂದು ಎಲೆಗೆ ಕೈ ಚಾಚಿದೆ.