ಕಿವಿ ಹಿಡಿದು ಅಳುವ ಮಕ್ಕಳ ದೊಡ್ಡಮ್ಮ

ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬಟ್ಟೆ ಕಾರ್ಖಾನೆಯ ಹಿಂಬದಿಯ ಶಿಶುವಿಹಾರದಲ್ಲಿ, ಎಲ್ಲರೂ ದೊಡ್ಡಮ್ಮ ಎಂದು ಕರೆಯುವ ಆಯಾ ಆಗಲೇ ನೆಲ ಒರೆಸಿ ಚಾಪೆ ಹಾಸುತ್ತಿದ್ದಾರೆ. ಬಾಗಿಲಲ್ಲಿ ಚಪ್ಪಲಿ ಸದ್ದಾದರೆ ಕೈ ಒರೆಸಿಕೊಂಡು ಓಡುತ್ತಾರೆ. ಹೊಲಿಗೆ ಯಂತ್ರದ ಮುಂದೆ ಕೂರಲು ಹೊರಟ ತಾಯಂದಿರು ಮಗುವನ್ನು ಅವರ ಕೈಗೆ ದಾಟಿಸುತ್ತಾರೆ, ಜತೆಗೊಂದು ಅಪ್ಪಣೆಯನ್ನೂ.

"ಕಿವಿ ಹಿಡ್ಕೊಂಡು ಒಂದೇ ಸಮ ಅಳ್ತಿದೆ. ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ತಂದಿದ್ದೀನಿ, ಎರಡು ಹನಿ ಬಿಡಿ ದೊಡ್ಡಮ್ಮ."

"ಎಣ್ಣೆ ಯಾಕೆ, ಈರುಳ್ಳಿ ರಸ ಹಿಂಡಿ," ಎನ್ನುತ್ತಾಳೆ ಹಿಂದೆ ನಿಂತವಳು.

"ನಮ್ಮತ್ತೆ ಎದೆಹಾಲೇ ಬಿಡ್ತಿದ್ರು," ಇನ್ನೊಬ್ಬಳದು.

ದೊಡ್ಡಮ್ಮ ಎಲ್ಲರಿಗೂ ತಲೆಯಾಡಿಸುತ್ತಾರೆ. ತಲೆಯೊಳಗೆ ಮಾತ್ರ ಎಲ್ಲ ಕಲಸುಮೇಲೋಗರ.

ಒಂದು ಕಾಲಕ್ಕೆ ಅವರೂ ಇದೇ ಕಾರ್ಖಾನೆಯಲ್ಲಿ ಹೊಲಿಯುತ್ತಿದ್ದವರು. ಸೂಜಿಗೆ ದಾರ ಪೋಣಿಸಲಾಗದಷ್ಟು ಕಣ್ಣು ಮಂಜಾದಾಗ ಮಕ್ಕಳ ಕೋಣೆಗೆ ಬಂದರು. ಇಪ್ಪತ್ತರ ಆಸುಪಾಸು ಮಕ್ಕಳು. ನೋಡಿಕೊಳ್ಳಲು ಇವರು, ಅಡುಗೆಗೆ ಇನ್ನೊಬ್ಬಾಕೆ. ಚಳಿ ಶುರುವಾಯಿತೆಂದರೆ ಒಂದು ಮಗುವಿನ ನೆಗಡಿ ಮಧ್ಯಾಹ್ನದೊಳಗೆ ಕೋಣೆಗೆಲ್ಲ ಹಬ್ಬುತ್ತದೆ. ಅದರ ಬೆನ್ನಿಗೇ ಕಿವಿನೋವು.

ಈ ಚಳಿಗಾಲದ ಆರಂಭದಲ್ಲಿ 'ಗುಬ್ಬಿ' ಎಂದು ಎಲ್ಲರೂ ಕರೆಯುವ ಪುಟ್ಟ ಹುಡುಗಿ ಬೆಳಗಿನಿಂದ ಚೀರಾಡುತ್ತಿದ್ದಳು. ತಾಯಿ ಕೊಟ್ಟುಹೋದ ಎಣ್ಣೆ ಬಿಡಲು ದೊಡ್ಡಮ್ಮ ಶೀಸೆ ಕೈಗೆತ್ತಿಕೊಂಡರು. ಅಷ್ಟರಲ್ಲಿ ಅಳು ತಟ್ಟನೆ ನಿಂತು, ಮಗು ನಿದ್ದೆಹೋಯಿತು. ಸದ್ಯ ಎಂದು ಉಸಿರುಬಿಟ್ಟವರ ಕಣ್ಣಿಗೆ ದಿಂಬಿನ ಮೇಲಿನ ಹಳದಿ ಕಲೆ ಬಿತ್ತು. ಜೊಲ್ಲೋ, ಹಾಲೋ? ಮೂಸಿದರೆ ಕೆಟ್ಟ ವಾಸನೆ. ಕೈ ಅಲ್ಲೇ ನಿಂತುಬಿಟ್ಟಿತು.

ಮೇಲ್ವಿಚಾರಕರ ಕೈಕಾಲು ಹಿಡಿದು ತಾಯಿಯನ್ನು ಕರೆಸಿದರು. ಅವಳು ಬಂದವಳೇ ಸಿಡಿದೆದ್ದಳು: "ಮಗು ಹಾಯಾಗಿ ಮಲಗಿದೆ! ಎರಡು ಹನಿ ಬಿಡೋಕೆ ಆಗ್ಲಿಲ್ವಾ? ನನ್ನ ಕೆಲಸಕ್ಕೇ ಕಲ್ಲು ಹಾಕ್ತೀರಲ್ಲ!"

"ಬೈಕೋ ತಾಯಿ, ಮೊದಲು ಆಸ್ಪತ್ರೆಗೆ ನಡಿ," ಎಂದು ಅಡುಗೆಯಾಕೆಗೆ ಕೋಣೆ ಒಪ್ಪಿಸಿ ತಾವೂ ಹೊರಟರು.

ಕಿವಿಯ ತಮಟೆ ತೂತಾಗಿ ಕೀವು ಹೊರಬಂದಿದೆ, ಒಳಗಿನ ಒತ್ತಡ ಇಳಿದಿದ್ದರಿಂದಲೇ ಅಳು ನಿಂತಿದೆ ಎಂದರು ಡಾಕ್ಟರಮ್ಮ. ಇಂಥ ಕಿವಿಗೆ ಎಣ್ಣೆ, ರಸ, ನೀರು ಯಾವುದೂ ಹೋಗಕೂಡದು. ಬಿಡದೇ ಇದ್ದದ್ದು ಒಳ್ಳೆಯದಾಯಿತು. ತಾಯಿ ದೊಡ್ಡಮ್ಮನ ಕೈ ಹಿಡಿದುಕೊಂಡಳು. "ಗೊತ್ತಿದ್ದು ಮಾಡಿದ್ದಲ್ಲಮ್ಮ. ಏನೂ ತೋಚದೆ ನಿಂತೆ, ಅಷ್ಟೇ," ಎಂದರು ಇವರು. ಕೆಲವು ವಾರಗಳಲ್ಲಿ ಗುಬ್ಬಿಯ ಕಿವಿಯ ತೂತು ಕೂಡಿಕೊಂಡಿತು.

ಅಲ್ಲಿಗೆ ಗೊಂದಲ ಮುಗಿಯಬೇಕಿತ್ತು. ಮುಗಿಯಲಿಲ್ಲ. ಇನ್ನೊಬ್ಬ ಪೋರ ಕಿವಿ ಹಿಡಿದು ಅತ್ತಾಗ, ದೊಡ್ಡಮ್ಮ ಎದ್ದೆನೋ ಬಿದ್ದೆನೋ ಎಂದು ಅವನ ತಾಯಿಯನ್ನು ಹೊರಡಿಸಿಕೊಂಡು ಅದೇ ಡಾಕ್ಟರಮ್ಮನ ಬಳಿ ಓಡಿದರು. ಅವರು ನೋಡಿ, ಗಾಬರಿಯಿಲ್ಲ, ನೋವಿನ ಔಷಧಿ ಕೊಟ್ಟು ಎರಡು ದಿನ ಕಾಯೋಣ, ಬೇಕಿದ್ದರೆ ಹೊರಗಿನಿಂದ ಬೆಚ್ಚನೆಯ ಬಟ್ಟೆ ಇಡಿ ಎಂದರು.

"ಅತ್ತಾಗ ಓಡಿದ್ರೆ ಕಾಯಿರಿ ಅಂತಾರೆ. ಅಳು ನಿಂತಾಗ ಕಾದಿದ್ರೆ ಕೆಟ್ಟಿತ್ತು. ನಾನು ಯಾವ ಲೆಕ್ಕ ಇಟ್ಕೊಳ್ಳಲಿ ಹೇಳಿ?" ಎಂದು ದೊಡ್ಡಮ್ಮ ನಗುತ್ತಾರೆ. ನಗು ನಿಂತ ಮೇಲೆ ದನಿ ತಗ್ಗುತ್ತದೆ. "ನನ್ನ ಮಗಳಿಗೆ ನಾನೇ ಬೆಳ್ಳುಳ್ಳಿ ಎಣ್ಣೆ ಬಿಟ್ಟು ಸಾಕಿದ್ದು. ಹುಷಾರಾಗ್ತಿದ್ಲು. ಎಣ್ಣೆಯಿಂದ್ಲೋ, ತಾನಾಗೇನೋ, ಇವತ್ತಿಗೂ ತಿಳೀದು."

ಈಗ ಅವರದು ಒಂದೇ ದಾರಿ. ಕಿವಿಯೊಳಗೆ ಏನನ್ನೂ ಬಿಡುವುದಿಲ್ಲ. ಬಟ್ಟೆ ಬೆಚ್ಚಗೆ ಮಾಡಿ ಮೊದಲು ತಮ್ಮ ಕೆನ್ನೆಗಿಟ್ಟು ನೋಡಿ, ಆಮೇಲೆ ಮಗುವಿನ ಕಿವಿಯ ಹೊರಗೆ ಹಿಡಿಯುತ್ತಾರೆ. ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಳ್ಳುತ್ತಾರೆ. ಜ್ವರ, ಸೋರಿಕೆ, ಮಂಕು ಕಂಡರೆ ಯಾರು ಬೈದರೂ ತಾಯಿಯನ್ನು ಕರೆಸುತ್ತಾರೆ. ಸಂಜೆ ಎಣ್ಣೆಯ ಶೀಸೆಗಳು ಹಾಗೇ ವಾಪಸ್. "ಬಿಟ್ರಾ?" ಎಂದರೆ, "ಇಲ್ಲಮ್ಮ," ಎಂದು ನಿಜವನ್ನೇ ಹೇಳಿ ಬೈಸಿಕೊಳ್ಳುತ್ತಾರೆ.

ನಿಮಗೇನು ಬೇಕು ಎಂದು ಕೇಳಿದರೆ, ಹೆಗಲ ಮೇಲೆ ಬಿಕ್ಕುತ್ತಿರುವ ಕೂಸಿನ ಬೆನ್ನು ಸವರುತ್ತಾ ಯೋಚಿಸುತ್ತಾರೆ.

"ಇವಕ್ಕೆ ಬೇಗ ಮಾತು ಬಂದ್ರೆ ಸಾಕು. ಎಲ್ಲಿ ನೋವು, ಎಷ್ಟು ನೋವು ಅಂತ ಅವೇ ಹೇಳ್ಲಿ. ಆದ್ರೆ ಏನ್ಮಾಡೋದು, ಮಾತು ಬರೋ ಹೊತ್ತಿಗೆ ಶಾಲೆಗೆ ಹೋಗ್ಬಿಡ್ತವೆ. ನನ್ನ ಪಾಲಿಗೆ ಯಾವಾಗ್ಲೂ ಮಾತು ಬಾರದವೇ."