ಸೇತುವೆ ಸಾಹೇಬರ ಹೊಟ್ಟೆಯುರಿ

ಕಂಪನಿಯಲ್ಲಿ ಅವರನ್ನು ಎಲ್ಲರೂ ಸೇತುವೆ ಸಾಹೇಬರೆಂದೇ ಕರೆಯುತ್ತಿದ್ದರು, ಏಕೆಂದರೆ ಗೋದಾಮಿನ ದಾಸ್ತಾನು ಬಿಲ್ಲಿನ ಕಂಪ್ಯೂಟರಿಗೆ ತಿಳಿಯಬೇಕಾದರೆ ಅವರೇ ಬರೆದ ಪ್ರೋಗ್ರಾಮನ್ನು ಅವರೇ ಕೈಯಾರೆ ಓಡಿಸಬೇಕಿತ್ತು. ಮಾರಾಟದವರು ಬಂದು "ಸಾರ್, ನೀವು ಮನಸ್ಸು ಮಾಡಿದ್ರೆ ಆಗುತ್ತೆ" ಎಂದು ಬೆಣ್ಣೆ ಹಚ್ಚಿದರೆ, "ನೋಡೋಣ, ನೋಡೋಣ" ಎಂದು ಕನ್ನಡಕ ಒರೆಸುವುದರಲ್ಲೇ ಅವರಿಗೆ ಅರ್ಧ ಸುಖ. ಆಮೇಲೆ ಹೊಸ ಹುಡುಗಿಯೊಬ್ಬಳು ಬಂದು ವೆಬ್ ಸರ್ವೀಸ್ ಹಾಕಿದಳು. ಗೋದಾಮು, ಬಿಲ್ಲು, ಮಾರಾಟ ಎಲ್ಲವೂ ಎಕ್ಸ್‌ಎಂಎಲ್ ಎಂಬ ಒಂದೇ ಭಾಷೆಯಲ್ಲಿ ತಮ್ಮತಮ್ಮಲ್ಲೇ ಮಾತಾಡಿಕೊಳ್ಳತೊಡಗಿದವು. ಮಾರಾಟದವರು ಈಗ ಅವಳ ಮೇಜಿನ ಸುತ್ತ ನಗುವುದು ಕೇಳಿದರೆ ಸಾಹೇಬರು ಚಹಾವನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದರು. "ಆ ಎಕ್ಸ್‌ಎಂಎಲ್‌ನಲ್ಲಿ ಒಂದು ಅಂಕಿ ಕಳಿಸೋಕೆ ಹಿಂದೆ ಮುಂದೆ ಇಷ್ಟುದ್ದ ಹೆಸರಿನ ಬಾಲ ಯಾಕಂತೆ?" ಎಂದು ಮನೆಯಲ್ಲಿ ಊಟಕ್ಕೆ ಕೂತಾಗಲೂ ಅವರದು ಅದೇ ಗೊಣಗಾಟ. "ನನ್ನ ಬಗ್ಗೆ ಯಾವತ್ತಾದ್ರೂ ಇಷ್ಟು ಮಾತಾಡಿದ್ದೀರಾ?" ಎಂದು ಹೆಂಡತಿ ಸಿಡುಕುತ್ತಿದ್ದಳು. ಒಂದು ಬೆಳಿಗ್ಗೆ ಆ ಸರ್ವೀಸು ಕೆಟ್ಟು ನಿಂತಿತು. ಸಾಹೇಬರಿಗೆ ಹಾಲು ಕುಡಿದಷ್ಟು ಸಂತೋಷ. ಚುಚ್ಚುಮಾತೊಂದನ್ನು ನಾಲಿಗೆಯ ತುದಿಯಲ್ಲಿಟ್ಟುಕೊಂಡೇ ಅವಳ ಮೇಜಿಗೆ ಹೋದರು. ಸುತ್ತ ನಗುವವರು ಒಬ್ಬರೂ ಇರಲಿಲ್ಲ, ಅವಳೊಬ್ಬಳೇ ಕೂತಿದ್ದಳು. ಒಂದೇ ಸಾಲನ್ನು ಮತ್ತೆ ಮತ್ತೆ ಬರೆದು ಅಳಿಸುತ್ತಿದ್ದಳು. ಸಾಹೇಬರು ವಾಪಸು ಹೋಗಿ ತಮ್ಮ ಕುರ್ಚಿಯನ್ನೇ ಎಳೆದುಕೊಂಡು ಬಂದರು. "ಮೊದಲು ನೀರು ಕುಡಿಯಮ್ಮಾ, ಆಮೇಲೆ ಹುಡುಕೋಣ." ಮಧ್ಯಾಹ್ನದ ಹೊತ್ತಿಗೆ ತಪ್ಪು ಸಿಕ್ಕಿತು, ಸರ್ವೀಸು ಎದ್ದಿತು, ಮಾರಾಟದವರು ಓಡಿಬಂದು ಅವಳನ್ನು ಹೊಗಳಿದರು. "ಸಾರ್ ಜೊತೆಗಿದ್ರು" ಎಂದು ಅವಳು ಹೇಳಿದ್ದು ಆ ಗದ್ದಲದಲ್ಲಿ ಸಾಹೇಬರೊಬ್ಬರಿಗೇ ಕೇಳಿಸಿತು. ಹೊಟ್ಟೆಯುರಿ ಆರಲಿಲ್ಲ. ಆದರೆ ಮರುದಿನವೂ ಕುರ್ಚಿ ಅವಳ ಪಕ್ಕದಲ್ಲೇ ಇತ್ತು, ಸಾಹೇಬರು ಅದರಲ್ಲಿ ಕೂತೇ ಉರಿದುಕೊಳ್ಳುತ್ತಿದ್ದರು.